ಕಟ್ಟೆ ಮೇಲೆ ಬಂದು ಕೂರುವವರ ಬಗ್ಗೆ

ನಿನ್ನೆ ರಾತ್ರಿ ಏಳೂ ಮುಕ್ಕಾಲು. ಅಂಗಡಿ ಷಟರ್ ಎಳೆದು ಮನೆಗೆ ಹೊರಟಿದ್ದೆ. ನಮ್ಮ ಬೀದಿಯ ಕೊನೇ ಮನೆ ಕಟ್ಟೆ ಮೇಲೆ ಇಬ್ಬರು ಹುಡುಗರು ಕೂತಿದ್ದರು. ಬೆನ್ನಿಗೆ ಬ್ಯಾಗು, ಎದುರಿಗೆ ಬೈಕು. ಮೈಕ್ರೋಫೈನಾನ್ಸ್, ಅಂದರೆ ಅಡಮಾನವಿಲ್ಲದೆ ಬಡವರಿಗೆ ಕೊಡುವ ಸಣ್ಣ ಸಾಲ, ಅದರ ಕಂತು ವಸೂಲಿಗೆ ಬಂದವರು. ಬಾಗಿಲು ಅರ್ಧ ತೆಗೆದಿತ್ತು. ಒಳಗೆ ಲೈಟ್ ಇರಲಿಲ್ಲ. ಕರೆಂಟ್ ಹೋಗಿರಲಿಲ್ಲ, ಮನೆಯವರೇ ಆರಿಸಿಕೊಂಡು ಕೂತಿದ್ದರು.

ಅದು ಹೂ ಕಟ್ಟುವ ಅಕ್ಕನ ಮನೆ. ನಾವೆಲ್ಲ ಹೂವಕ್ಕ ಅಂತಲೇ ಕರೆಯೋದು. ಗಂಡ ಆಟೋ ಓಡಿಸುತ್ತಿದ್ದರು. ಯುಗಾದಿಗೆ ಮುಂಚೆ ಬಿದ್ದು ಕಾಲು ಮುರಿದುಕೊಂಡರು. ಮಗಳು ಸೆಕೆಂಡ್ ಪಿಯುಸಿ. ಆ ಮಗು ಕತ್ತಲಲ್ಲಿ ಬಾಗಿಲ ಹಿಂದೆ ನಿಂತು ಯಾರಿಗೋ ಫೋನ್ ಮಾಡಿ 'ಮಾಮ, ಎರಡು ಸಾವಿರ ಇದ್ರೆ ಹಾಕಿ ಮಾಮ' ಅಂತಿತ್ತು. ಇವರಿಬ್ಬರು ಕಟ್ಟೆ ಮೇಲೆ ಕೂತು ಬೀದಿಗೆಲ್ಲ ಕೇಳೋ ಹಾಗೆ ಮಾತಾಡುತ್ತಿದ್ದರು: 'ದುಡ್ಡು ತಗೊಳ್ಳೋವಾಗ ನಗ್ತಾ ಬರ್ತಾರೆ. ಕಟ್ಟೋವಾಗ ಮನೇಲಿ ಇರಲ್ಲ.'

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಐದು ವರ್ಷ ಸೆಂಟರ್ ಲೀಡರ್ ಆಗಿದ್ದೆ, ಅಂದರೆ ಈ ಸಾಲ ತಗೊಂಡ ಹೆಂಗಸರ ಗುಂಪಿನ ಮುಖ್ಯಸ್ಥೆ. ಈ ಫೈನಾನ್ಸ್‌ನವರ ಲೆಕ್ಕ, ಮಾತು, ಅವರು ಬರುವ ಹೊತ್ತು ಎಲ್ಲ ಗೊತ್ತು. ಹೋಗಿ ಕೇಳಿದೆ: 'ಐಡಿ ಕಾರ್ಡ್ ತೋರಿಸಿ.' ತೋರಿಸಿದರು. 'ವಸೂಲಿಗೆ ಕಳಿಸಿದ್ದೀವಿ ಅಂತ ಕಂಪನಿ ಕೊಟ್ಟ ಪತ್ರ?' ಇರಲಿಲ್ಲ. 'ನೀವ್ಯಾರು ಮೇಡಂ ಕೇಳೋಕೆ?' ಅಂದ ಒಬ್ಬ. ಇದೇ ಬೀದಿಯವಳು ಅಂದೆ. ಟೈಮ್ ಎಷ್ಟು ನೋಡಿ ಅಂದೆ. ಅಷ್ಟೇ. ಐದು ನಿಮಿಷಕ್ಕೆ ಎದ್ದು ಹೋದರು. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅಲ್ಲೇ. ಅವರಿಗೆ ನಿಯಮ ಚೆನ್ನಾಗಿ ಗೊತ್ತಿದೆ. ಗೊತ್ತಿಲ್ಲದೆ ಇರೋದು ಕತ್ತಲಲ್ಲಿ ಕೂತಿರೋ ಹೂವಕ್ಕನಿಗೆ ಮಾತ್ರ.

ನಿಯಮ ಏನು ಅಂತ ಹೇಳುತ್ತೇನೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ಅಂತಲೇ ನಿಯಮ ಮಾಡಿದೆ. ಆ ವರ್ಷ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಂತು ವಸೂಲಿ ಮಾಡಬೇಕಾದ್ದು ಇಬ್ಬರೂ ಒಪ್ಪಿಕೊಂಡ ಜಾಗದಲ್ಲಿ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತೆಯೇ ಇಲ್ಲ. ಬೈಯುವಂತಿಲ್ಲ, ಹೆದರಿಸುವಂತಿಲ್ಲ. ನೆಂಟರಿಗೆ, ಸ್ನೇಹಿತರಿಗೆ, ಜೊತೆಗೆ ಕೆಲಸ ಮಾಡೋರಿಗೆ ಕಾಟ ಕೊಡುವಂತಿಲ್ಲ. ಸಾಲಗಾರರ ಹೆಸರನ್ನು ಊರಿಗೆ ಸಾರುವಂತಿಲ್ಲ. ಕಟ್ಟದಿದ್ದರೆ ಹಾಗಾಗುತ್ತೆ, ಹೀಗಾಗುತ್ತೆ ಅಂತ ಸುಳ್ಳು ಹೇಳುವಂತಿಲ್ಲ. ವಸೂಲಿಗೆ ಏಜೆಂಟರನ್ನು ಕಳಿಸಿದರೆ ಅವರ ಹತ್ತಿರ ಐಡಿ ಕಾರ್ಡ್, ನೋಟಿಸ್ ಪ್ರತಿ, ಕಂಪನಿಯ ಅಧಿಕಾರ ಪತ್ರ ಮೂರೂ ಇರಬೇಕು.

ಇನ್ನೊಂದನ್ನೂ ಹೇಳಬೇಕು, ಮುಚ್ಚಿಡಲ್ಲ. ಸತತವಾಗಿ ಎರಡು ಸಲ ಕಂತು ಕಟ್ಟುವ ಮೀಟಿಂಗ್‌ಗೆ ಹೋಗದಿದ್ದರೆ ಅವರು ಮನೆಗೆ ಬರಬಹುದು. ಹೂವಕ್ಕ ಮೂರು ಸಲ ಹೋಗಿರಲಿಲ್ಲ. ಅಂದರೆ ಬರೋ ಹಕ್ಕು ಅವರಿಗಿತ್ತು. ಬರಲಿ. ಹಗಲು ಬರಲಿ, ಬಾಗಿಲು ತಟ್ಟಲಿ, ಮರ್ಯಾದೆಯಾಗಿ ಕೇಳಲಿ. ಫೋನೇ ಮಾಡಬಾರದ ಹೊತ್ತಲ್ಲಿ ಕಟ್ಟೆ ಮೇಲೆ ಬಂದು ಕೂತು ಬೀದಿಗೆ ಕೇಳೋ ಹಾಗೆ ಮಾತಾಡೋದು ವಸೂಲಿ ಅಲ್ಲ. ಮಾನ ಕಳೆಯೋದು ಅದು.

ಇನ್ನು ನನ್ನ ಮಾತಿಗೆ ಬರುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ. 2019ರಲ್ಲಿ ನಾನೂ ಹೀಗೆ ಕೂತಿದ್ದೇನೆ. ನಮ್ಮ ಸೆಂಟರ್‌ನ ಒಬ್ಬಳು ಎರಡು ಕಂತು ಕಟ್ಟಿರಲಿಲ್ಲ. 'ಅವಳು ಕಟ್ಟೋವರೆಗೂ ಯಾರೂ ಏಳೋ ಹಾಗಿಲ್ಲ' ಅಂದ ಫೀಲ್ಡ್ ಆಫೀಸರ್. ನಾವು ಒಂಬತ್ತು ಜನ ಹೆಂಗಸರು ಅವಳ ಮನೆ ಮುಂದೆ ರಾತ್ರಿ ಹತ್ತರವರೆಗೆ ಕೂತೆವು. ಹಸಿದುಕೊಂಡು, ಮನೇಲಿ ಮಕ್ಕಳನ್ನು ಬಿಟ್ಟು. ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ನಾನೇ ಜಾಸ್ತಿ ಬೈದೆ. ಸೆಂಟರ್ ಲೀಡರ್ ಅಲ್ವಾ, ನನ್ನ ಹೆಸರು ಕೆಡುತ್ತೆ ಅನ್ನೋ ಭಯ. ಹದಿನೈದು ದಿನಕ್ಕೆ ಅವಳು ಮಕ್ಕಳನ್ನು ಕರಕೊಂಡು ರಾತ್ರೋರಾತ್ರಿ ಊರು ಬಿಟ್ಟಳು. ಎಲ್ಲಿದ್ದಾಳೋ ಇವತ್ತಿಗೂ ಗೊತ್ತಿಲ್ಲ. ಹೊಲಿಯಲು ಅವಳು ನನಗೆ ಕೊಟ್ಟಿದ್ದ ರವಿಕೆ ಬಟ್ಟೆ ಹಾಗೇ ಇದೆ. ಅವಳ ಅಳತೆಗೆ ಕತ್ತರಿಸಿಟ್ಟಿದ್ದೆ.

ಹಾಗಾಗಿ ಕಟ್ಟೆ ಮೇಲೆ ಯಾರಾದರೂ ಕೂತಿದ್ದು ಕಂಡರೆ ನನಗೆ ಸುಮ್ನೆ ಹೋಗಲಿಕ್ಕೆ ಆಗಲ್ಲ.

ನಮ್ಮ ಭಾವ ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳಿದರು, 'ಸಾಲ ತಗೊಂಡ ಮೇಲೆ ಕಟ್ಟಬೇಕಲ್ವಾ? ಎಲ್ಲರೂ ಹೀಗೆ ಕಾನೂನು ಮಾತಾಡಿದ್ರೆ ನಾಳೆ ಬಡವರಿಗೆ ಸಾಲ ಯಾರು ಕೊಡ್ತಾರೆ?' ಕಟ್ಟಬೇಕು. ಬೇಡ ಅಂದೋರು ಯಾರು? ಹೂವಕ್ಕನೂ ಬೇಡ ಅಂದಿಲ್ಲ. ಆದರೆ ಭಾವ, ಮೂರು ಸಾಲ ಇದ್ದ ಅವಳಿಗೆ ನಾಲ್ಕನೇ ಸಾಲ ಕೊಟ್ಟೋರು ಯಾರು ಅಂತ ಕೇಳಿ. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದಲ್ಲಿ ಅರ್ಧ ದಾಟಬಾರದು ಅಂತ ಅದೇ ನಿಯಮ ಹೇಳುತ್ತೆ. ಗಂಡನ ಕಾಲು ನೆಟ್ಟಗಿದ್ದಾಗಲೂ ಆ ಮನೆಗೆ ಬರುತ್ತಿದ್ದದ್ದು 18 ಸಾವಿರ. ಅರ್ಧ ಅಂದರೆ 9 ಸಾವಿರ. ನಾಲ್ಕು ಸಾಲದ ಕಂತು ಕೂಡಿಸಿದೆ, 12,400. ಹೇಗೆ ಕೊಟ್ಟರು? ಫಾರಂನಲ್ಲಿ ತಿಂಗಳ ಆದಾಯ 25 ಸಾವಿರ ಅಂತ ಬರೆದಿದ್ದಾರೆ. ಬರೆದವರು ಸಾಲ ಕೊಟ್ಟ ಕಂಪನಿಯವರೇ. ಹೂವಕ್ಕ ತೋರಿಸಿದ ಕಡೆ ಸಹಿ ಹಾಕಿದ್ದಾಳೆ. ಕೊಡೋವಾಗ ನಿಯಮ ಮುರಿದವರು, ವಸೂಲಿ ಮಾಡೋವಾಗ ಇನ್ನೊಂದು ನಿಯಮ ಮುರಿದು, ಅವಳ ಮನೆ ಮುಂದೆ ಕೂತು ನೀತಿ ಹೇಳುತ್ತಾರೆ. ಆ ಹುಡುಗರಿಗೂ ಟಾರ್ಗೆಟ್ ಇರುತ್ತೆ, ಒಪ್ಪುತ್ತೇನೆ. ಆ ಟಾರ್ಗೆಟ್ಟಿನ ಭಾರವನ್ನು ಪಿಯುಸಿ ಓದುವ ಹುಡುಗಿ ಯಾಕೆ ಹೊರಬೇಕು?

2025ರ ಜನವರಿ ಮರೆತುಹೋಯಿತಾ? ಚಾಮರಾಜನಗರದ ಕಡೆ ಮನೆಗಳಿಗೆ ಬೀಗ ಹಾಕಿ ಜನ ಊರು ಬಿಟ್ಟರು. ಹಾವೇರಿಯ ಹೆಂಗಸರು ಮಾಂಗಲ್ಯ ಉಳಿಸಿಕೊಡಿ ಅಂತ ಮುಖ್ಯಮಂತ್ರಿಗೆ ತಾಳಿಯನ್ನೇ ಪೋಸ್ಟ್ ಮಾಡಿದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು, ಆಮೇಲೆ ಸಹಿ ಹಾಕಿದರು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅಷ್ಟು ದಿನ ಪೇಪರ್, ಟಿವಿ ತುಂಬ ಇದೇ ಸುದ್ದಿ. ಈಗ ಎಲ್ಲ ತಣ್ಣಗಾಗಿದೆ. ಕಟ್ಟೆ ಮೇಲೆ ಮತ್ತೆ ಬಂದು ಕೂತಿದ್ದಾರೆ.

ತಾಳಿ ಅಂದೆನಲ್ಲ. ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಒಮ್ಮೆ ಕಾನೂನು ಅರಿವು ಕಾರ್ಯಕ್ರಮ ಇತ್ತು. ಅಲ್ಲಿ ಒಬ್ಬರು ಲಾಯರ್ ಮೇಡಂ ಹೇಳಿದ್ದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ. ಕೋರ್ಟು ಡಿಕ್ರಿ ಕೊಟ್ಟು ಜಪ್ತಿಗೆ ಬಂದರೂ ಮುಟ್ಟಬಾರದ ವಸ್ತುಗಳ ಪಟ್ಟಿ ಅದರಲ್ಲಿದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕೈಕೆಲಸದವರ ಸಲಕರಣೆ. ಧರ್ಮದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಜಪ್ತಿಗೆ ಬರುವ ಕೋರ್ಟಿನ ಅಮೀನರೇ ಮುಟ್ಟಬಾರದ ಪಾತ್ರೆಯನ್ನು ನಮ್ಮ ಸೆಂಟರ್‌ನಲ್ಲಿ ಎಷ್ಟು ಸಲ ಎತ್ತಿ ಹೊರಗಿಡಿಸಿದ್ದೀವಿ ನಾವು!

ಇನ್ನು ಹೂವಕ್ಕನಂಥವರಿಗೆ. ನಾಚಿಕೆ ಬಿಟ್ಟು ಓದಿ, ಓದಲು ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ.

ಮೊದಲು ಲೈಟ್ ಹಾಕಿಕೊಳ್ಳಿ. ಸಾಲ ಇರೋದು ಕಳ್ಳತನ ಅಲ್ಲ. ಕಂತು ಕಟ್ಟಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಪೊಲೀಸರು ಎಳೆದುಕೊಂಡು ಹೋಗಲ್ಲ. ಚೆಕ್ ಬೌನ್ಸ್ ಬೇರೆ ವಿಷಯ, ಅದು ಕ್ರಿಮಿನಲ್ ಕೇಸು. ಅದಕ್ಕೇ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. ಕೋರ್ಟಿನಿಂದ ನೋಟಿಸ್ ಬಂದರೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಡಬೇಡಿ, ಹಿಡಿದುಕೊಂಡು ಓಡಿ ಹೋಗಿ ಲಾಯರ್ ನೋಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತೆ. 15100ಕ್ಕೆ ಫೋನ್ ಮಾಡಿ, ಇಲ್ಲ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ.

ಎಲ್ಲ ಲೋನ್ ಕಾರ್ಡ್ ಒಂದು ಕಡೆ ಇಟ್ಟು ಲೆಕ್ಕ ಬರೆಯಿರಿ. ಹೂವಕ್ಕನ ಮನೆಯಲ್ಲಿ ರಾತ್ರಿ ನಾವು ಮಾಡಿದ್ದು ಇದನ್ನೇ. ತನ್ನ ಸಾಲ ಒಟ್ಟು ಎಷ್ಟು ಅಂತ ಅವಳಿಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ಎರಡು ಲಕ್ಷ ದಾಟಿರಬಹುದು ಅಂದುಕೊಂಡಿದ್ದಳು. ಕೂಡಿಸಿದಾಗ ಒಂದು ಲಕ್ಷದ ಮೂವತ್ತೆಂಟು ಸಾವಿರ. 'ಅಷ್ಟೇನಾ ಕಣವ್ವ?' ಅಂದಳು. ದಂಡ ಹಾಕೋದಾದರೆ ಬಾಕಿ ಇರುವ ಕಂತಿನ ಮೇಲೆ ಮಾತ್ರ ಹಾಕಬೇಕು, ಪೂರ್ತಿ ಸಾಲದ ಮೇಲಲ್ಲ. ಒಂದು ಕಾರ್ಡಿನಲ್ಲಿ ಹೆಚ್ಚು ಹಾಕಿದ್ದರು, ಅದನ್ನು ಗುರುತು ಮಾಡಿಟ್ಟಿದ್ದೇವೆ.

ಊಟ, ಔಷಧಿ, ಮಕ್ಕಳ ಫೀಸು, ಬಾಡಿಗೆ ಮೊದಲು. ಉಳಿದಿದ್ದರಲ್ಲಿ ಕಂತು. ದಯವಿಟ್ಟು ಈ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಮಾಡಬೇಡಿ, ಮೀಟರ್ ಬಡ್ಡಿಯವರ ಹತ್ತಿರವಂತೂ ಹೋಗಲೇಬೇಡಿ. ರಸೀದಿ ಇಲ್ಲದೆ ಒಂದು ರೂಪಾಯಿನೂ ಕೊಡಬೇಡಿ. ಎಷ್ಟು ಕಟ್ಟಬಲ್ಲಿರಿ ಅಂತ ಬರೆದು ಬ್ರಾಂಚಿಗೆ ಅರ್ಜಿ ಕೊಡಿ, ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿ ಅಂತ ಕೇಳಿ. ಒಪ್ಪಲೇಬೇಕು ಅಂತಿಲ್ಲ. ಆದರೆ ನೀವು ಓಡಿಹೋಗಿಲ್ಲ ಅನ್ನೋದಕ್ಕೆ ಆ ಕಾಗದವೇ ಸಾಕ್ಷಿ. ತಡವಾದರೆ ಮುಂದೆ ಸಾಲ ಸಿಗೋದು ಕಷ್ಟವಾಗುತ್ತೆ, ಅದೂ ನಿಜ. ಕೆಲವು ವರ್ಷ ಸಾಲ ಸಿಗದಿದ್ದರೆ ಸಿಗದೇ ಇರಲಿ ಬಿಡಿ.

ಕಾಟ ಕೊಟ್ಟರೆ ದಿನಾಂಕ, ಟೈಮು ಬರೆದಿಡಿ, ವಿಡಿಯೋ ಮಾಡಿ. ಹೆದರಿಸಿದರೆ 112. ಲೋನ್ ಕಾರ್ಡಿನಲ್ಲಿ ದೂರು ಕೊಡುವ ನಂಬರ್ ಇರಬೇಕು, ಅಲ್ಲಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅಂದರೆ ಇಂಥ ದೂರು ಕೇಳುವ ಅಧಿಕಾರಿ, 14448. ದುಡ್ಡು ಖರ್ಚಾಗಲ್ಲ. ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಮಾಡಿ, ಟೆಲಿ ಮಾನಸ್ ಅಂತ, ಯಾವ ಹೊತ್ತಲ್ಲಾದರೂ ಮಾತಾಡುತ್ತಾರೆ. ಅದಕ್ಕೂ ಮೊದಲು ಪಕ್ಕದ ಮನೆ ಬಾಗಿಲು ತಟ್ಟಿ.

ಇವತ್ತು ಹನ್ನೊಂದು ಗಂಟೆಗೆ ಹೂವಕ್ಕನೂ ನಾನೂ ಬ್ರಾಂಚಿಗೆ ಹೋಗಿ ಅರ್ಜಿ ಕೊಟ್ಟು ಬಂದೆವು. ಮೊದಲು ಸೀಲ್ ಹಾಕಲ್ಲ ಅಂದರು. ಹಾಕೋವರೆಗೂ ಅಲ್ಲೇ ಬೆಂಚಿನ ಮೇಲೆ ಕೂತೆವು. ಹಾಕಿ ಕೊಟ್ಟರು.

ನಮ್ಮ ಬೀದಿ ಕಡೆಯವರು ಲೋನ್ ಕಾರ್ಡ್ ತಗೊಂಡು ಅಂಗಡಿಗೆ ಬನ್ನಿ, ಮಧ್ಯಾಹ್ನ ಎರಡರಿಂದ ನಾಲ್ಕು, ಕೂತು ಓದೋಣ. 2019ರಲ್ಲಿ ಊರು ಬಿಟ್ಟ ಆ ಹುಡುಗಿ ಎಲ್ಲಿದ್ದಾಳೆ ಅಂತ ಯಾರಿಗಾದರೂ ಗೊತ್ತಿದ್ದರೆ ಅವಳಿಗೆ ಇದನ್ನು ತೋರಿಸಿ. ರವಿಕೆ ಹೊಲಿದಿಡುತ್ತೇನೆ.