ಮುಖದ ನರಬೇನೆಗೆ ಬಲೂನು: ರೋಗಿಯನ್ನು ಮಾತಾಡಿಸದ ಶಸ್ತ್ರಚಿಕಿತ್ಸೆ

ಕೆನ್ನೆಗೆ ಗಾಳಿ ಸೋಕಿದರೂ ವಿದ್ಯುತ್ ಹರಿದಂತೆ ಸಿಡಿದು, ಕೆಲವು ಕ್ಷಣಗಳಲ್ಲಿ ಅಡಗಿ, ಮತ್ತೆ ಮರುಕಳಿಸುವ ನೋವಿಗೆ ವೈದ್ಯರು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಹೊರನಾಡಿನಲ್ಲಿ ನಮ್ಮೊಡನಿರುವ ಹಿರಿಯರೊಬ್ಬರಿಗೆ ಈ ಬೇನೆ ತಗುಲಿದಾಗ, ಅದನ್ನು ಹಲ್ಲುನೋವೆಂದೇ ನಂಬಿ ಗಟ್ಟಿಯಾದ ಹಲ್ಲೊಂದನ್ನು ಕೀಳಿಸಿದ ಮೇಲೆ ನಾವು ನರತಜ್ಞರನ್ನು ಕಂಡೆವು. ಮೊದಲ ಮದ್ದಾದ ಕಾರ್ಬಮಜೆಪಿನ್ ಕೆಲಕಾಲ ನೋವನ್ನು ತಡೆಯಿತು. ಆಮೇಲೆ ಪ್ರಮಾಣ ಏರಿದಂತೆ ಮಂಪರು, ತೂರಾಟ, ರಕ್ತದಲ್ಲಿ ಸೋಡಿಯಂ ಕುಸಿತ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ದುಭಾಷಿಯಾಗಿ ಕುಳಿತವನು ನಾನು.

ಕಿವಿಯ ಹಿಂದೆ ತಲೆಬುರುಡೆ ತೆರೆದು, ನರವನ್ನು ಒತ್ತುತ್ತಿರುವ ರಕ್ತನಾಳವನ್ನು ಸರಿಸಿ ನಡುವೆ ಟೆಫ್ಲಾನ್ ಮೆತ್ತೆ ಇಡುವ ವಿಧಾನದಲ್ಲಿ ನರಕ್ಕೆ ಗಾಯ ಮಾಡುವ ಉದ್ದೇಶವಿಲ್ಲ, ಉಪಶಮನವೂ ಹೆಚ್ಚು ಕಾಲ ನಿಲ್ಲುತ್ತದೆ. ದೇಹ ತಾಳುವುದಾದರೆ ಅದೇ ಮೇಲು ಎಂಬುದರಲ್ಲಿ ನನಗೆ ತಕರಾರಿಲ್ಲ. ನಮ್ಮವರ ಹೃದಯ ಅದಕ್ಕೆ ಒಪ್ಪುವಂತಿರಲಿಲ್ಲವಾದ್ದರಿಂದ, ಕೆನ್ನೆಯ ಮೂಲಕ ಸೂಜಿ ತೂರಿಸುವ ಎರಡು ವಿಧಾನಗಳು ಉಳಿದವು.

ಮೊದಲನೆಯದರಲ್ಲಿ ರೇಡಿಯೋ ತರಂಗದ ಕಾವಿನಿಂದ ನರವನ್ನು ಸುಡುತ್ತಾರೆ. ಸೂಜಿಯ ಮೊನೆ ನರದ ಸರಿಯಾದ ಕವಲಿನಲ್ಲಿದೆಯೇ ಎಂದು ತಿಳಿಯಲು ರೋಗಿಯನ್ನು ನಡುವೆ ಎಚ್ಚರಿಸಿ, ಎಲ್ಲಿ ಚುರುಗುಟ್ಟುತ್ತಿದೆ ಎಂದು ಕೇಳುವುದು ವಾಡಿಕೆ. ಅಲ್ಲಿನ ಭಾಷೆಯನ್ನು ವ್ಯವಹಾರಕ್ಕೆ ಸಾಕಾಗುವಷ್ಟು ಬಲ್ಲ ಹಿರಿಯ ಜೀವವೊಂದು ಅರೆಮಂಪರಿನಲ್ಲಿ ಕನ್ನಡದಲ್ಲದೆ ಬೇರೆ ಯಾವುದರಲ್ಲಿ ಉತ್ತರಿಸೀತು? ಎರಡನೆಯದಾದ ಬಲೂನಿನ ವಿಧಾನ ನನಗೆ ಹಿಡಿಸಿದ್ದು ಈ ಕಾರಣಕ್ಕೆ. 1983ರಲ್ಲಿ ಮಲ್ಲನ್ ಮತ್ತು ಲಿಕ್ಟರ್ ಎಂಬ ವೈದ್ಯರು ವರದಿ ಮಾಡಿದ ಈ ಕ್ರಮದಲ್ಲಿ ರೋಗಿ ಪೂರ್ಣ ಅರಿವಳಿಕೆಯಲ್ಲಿರುತ್ತಾನೆ. ರಕ್ತನಾಳಗಳಿಂದ ಹೆಪ್ಪು ತೆಗೆಯಲೆಂದು ರೂಪಿಸಿದ ಫೋಗಾರ್ಟಿ ಕ್ಯಾತಿಟರ್ ಎಂಬ ಸಣ್ಣ ಕೊಳವೆಯನ್ನು ತಲೆಬುರುಡೆಯ ತಳದ ರಂಧ್ರದ ಮೂಲಕ, ಈ ನರದ ಗಂಟು ಕೂತಿರುವ ಮೆಕಲ್ ಕುಹರಕ್ಕೆ ತಲುಪಿಸಿ, ಅದರ ತುದಿಯ ಬಲೂನಿಗೆ ಒಂದು ಮಿಲಿಲೀಟರಿನ ಆಸುಪಾಸು ಎಕ್ಸ್-ರೇಗೆ ಕಾಣುವ ದ್ರವ ತುಂಬುತ್ತಾರೆ. ಪರದೆಯ ಮೇಲೆ ಅದು ಮರಸೇಬಿನ ಆಕಾರ ತಾಳಿದರೆ ಜಾಗ ಸರಿಯಿದೆ ಎಂದರ್ಥ; ಒಂದೆರಡು ನಿಮಿಷ ನರವನ್ನು ಅದುಮಿ ಇಳಿಸಿಬಿಡುತ್ತಾರೆ. ಆ ಹೊತ್ತಿನಲ್ಲಿ ಹೃದಯಬಡಿತ ದಿಢೀರನೆ ನಿಧಾನಿಸಬಹುದಾದ್ದರಿಂದ ಅರಿವಳಿಕೆ ತಜ್ಞರು ಬಡಿತ ಏರಿಸುವ ಅಟ್ರೋಪಿನ್ ಮದ್ದನ್ನು ಸಿದ್ಧವಿಟ್ಟುಕೊಳ್ಳುತ್ತಾರೆ. ಒತ್ತಡಕ್ಕೆ ಹೆಚ್ಚಾಗಿ ಸಿಕ್ಕುವುದು ನರದ ದಪ್ಪ ಎಳೆಗಳು. ತೆಳು ಎಳೆಗಳು ಬಹುಮಟ್ಟಿಗೆ ಉಳಿಯುವುದರಿಂದ ಕಣ್ಣು ಮಿಟುಕಿಸುವ ರಕ್ಷಣಾ ಪ್ರತಿಕ್ರಿಯೆಯೂ ಸಾಮಾನ್ಯವಾಗಿ ಉಳಿಯುತ್ತದೆ. ಹಣೆಯ ಕವಲೇ ಕಣ್ಣಿನ ಸ್ಪರ್ಶವನ್ನೂ ಒಯ್ಯುವುದರಿಂದ, ಹಣೆಯವರೆಗೆ ನೋವು ಹಬ್ಬಿದವರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಒಳಗೆ ಏನನ್ನೂ ಕೇಳದ ಚಿಕಿತ್ಸೆಯ ಬಗ್ಗೆ ಹೊರಗೆ ಎರಡರಷ್ಟು ಮಾತಾಡಬೇಕು ಎಂಬುದು ನನ್ನ ಅಭಿಪ್ರಾಯ, ಮತ್ತು ಆ ಮಾತಿನಲ್ಲಿ ಎಡವಿದವನು ನಾನೇ. ಮುಖದ ಆ ಭಾಗದಲ್ಲಿ ಸ್ಪರ್ಶ ಮಂಕಾಗುವುದೆಂದು ವೈದ್ಯರು ಹೇಳಿದ್ದನ್ನು ನಾನು ‘ಜೋಮು ಹಿಡಿಯುತ್ತದಂತೆ’ ಎಂದು ಕನ್ನಡಿಸಿದೆ. ಜೋಮು ಕಾಲು ಕೊಡವಿದರೆ ಬಿಡುವಂಥದ್ದು. ನಮ್ಮವರು ಹಾಗೆಂದೇ ತಿಳಿದು ತಲೆಯಾಡಿಸಿದರು. ವೈದ್ಯರು ಹೇಳಿದ್ದು ತಿಂಗಳುಗಟ್ಟಲೆ, ಕೆಲವರಲ್ಲಿ ಕಾಯಮ್ಮಾಗಿ ಉಳಿಯುವ ಮರಗಟ್ಟುವಿಕೆಯನ್ನು. ರಾತ್ರಿ ನನಗೆ ಅದು ಹೊಳೆದು, ಮರುದಿನ ಎಲ್ಲವನ್ನೂ ಮತ್ತೆ ಹೇಳಿದೆ: ಅಗಿಯುವ ಸ್ನಾಯು ಕೆಲವು ವಾರ ಸೋಲಬಹುದು, ತುಟಿಯಲ್ಲಿ ಹರ್ಪಿಸ್ ವೈರಾಣುವಿನ ಗುಳ್ಳೆ ಏಳಬಹುದು, ಅಪರೂಪಕ್ಕೆ ಮರಗಟ್ಟಿದ ಜಾಗವೇ ಉರಿಯಬಹುದು, ವರ್ಷಗಳ ಬಳಿಕ ನೋವು ಮರಳಿ ಮತ್ತೊಮ್ಮೆ ಬಲೂನು ಬೇಕಾಗಬಹುದು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಕಲ್ಲಾದರೂ ಆಗಲಿ, ಸಿಡಿಯದಿದ್ದರೆ ಸಾಕು’ ಎಂದರು.

ನೋವಿಗಂಜಿ ತಿಂಗಳುಗಟ್ಟಲೆ ಗಡ್ಡ ಬಿಟ್ಟಿದ್ದವರು ಈಗ ದಿನವೂ ಕ್ಷೌರ ಮಾಡಿಕೊಳ್ಳುತ್ತಾರೆ. ಬಲಗೆನ್ನೆಗೆ ಬ್ಲೇಡು ತಾಗಿ ರಕ್ತ ಬಂದರೂ ತಿಳಿಯದ ಕಾರಣ, ಆ ಬದಿಗೆ ಬಂದಾಗ ಮಾತ್ರ ಕನ್ನಡಿಯ ಹತ್ತಿರ ಸರಿಯುತ್ತಾರೆ.