ಎಂತ ನೋಡ್ತಾ ಇದ್ದೀರಿ?

ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ರಸ್ತೆ ಬದಿ ನಿಂತವನನ್ನು ಜನ ಸುಮ್ನೆ ಬಿಡುವುದಿಲ್ಲ. ಬೇಕಾದರೆ ಕಾರವಾರದಲ್ಲಿ ಕಾಳಿ ನದಿಯ ದಂಡೆಗೆ ಹೋಗಿ ನಿಂತು ನೋಡಿ. ಸ್ಕೂಟರ್ ಬಂದು ನಿಲ್ಲುತ್ತದೆ.

"ಎಂತ ನೋಡ್ತಾ ಇದ್ದೀರಿ?"

"ಹಕ್ಕಿ."

"ಯಾವ ಹಕ್ಕಿ?"

"ಕಡಲ ಹದ್ದು."

ಅವರು ಒಮ್ಮೆ ಆಕಾಶ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ಸರ್ವೆಯವರಾ?" ಅನ್ನುತ್ತಾರೆ.

ನಗುವ ಹಾಗಿಲ್ಲ. ಕಾಳಿಯ ಅಣೆಕಟ್ಟು, ಕೈಗಾ ಅಣುಸ್ಥಾವರ, ಕೊಂಕಣ ರೈಲು, ಚತುಷ್ಪಥ ಹೆದ್ದಾರಿ ಎಲ್ಲವನ್ನೂ ನೋಡಿದ ಜಿಲ್ಲೆ ಇದು. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಊರಿಗೆ ಊರೇ ಎದ್ದು ಹೋಗಿದೆ. ಇಲ್ಲಿ ಯಾರಾದರೂ ದುರ್ಬೀನು ಹಿಡಿದು ಸುತ್ತಮುತ್ತ ನೋಡಿದರೆ, ಮುಂದಿನದು ನೋಟೀಸು ಅಂತ ಜನರಿಗೆ ಗೊತ್ತು. "ಇಲ್ಲ ಮಾರಾಯ್ರೇ, ಹಕ್ಕಿನೇ" ಅಂದರೆ ಅನುಮಾನ ಜಾಸ್ತಿಯಾಗುತ್ತದೆ. ನಿಜವಾದ ಸರ್ವೆಯವನೂ ಅದನ್ನೇ ಹೇಳುತ್ತಾನಲ್ವಾ?

ಹಕ್ಕಿ ನೋಡಿದರೆ ಮನಸ್ಸು ಹಗುರಾಗುತ್ತದೆ ಅಂತಾರೆ. ಅದು ಹೇಗೆ ಅಂತ ಬರೆಯೋಣ ಎಂದೇ ಕೂತಿದ್ದು. ಅಷ್ಟರಲ್ಲಿ ಭಾವ ನೆನಪಾದ.

ಭಾವ ಶಿರಸಿ ಕಡೆಯವ. ದೀಪಾವಳಿ ಮುಗಿಸಿ ನಮ್ಮಲ್ಲಿಗೆ ಬಂದಿದ್ದ. ಅವನನ್ನು ಬೆಳಗ್ಗೆ ಎಬ್ಬಿಸಿಕೊಂಡು ಹೊನ್ನಾವರದ ಕಾಸರಕೋಡಿಗೆ ಹೋದೆ. ಅಲ್ಲಿ ಶರಾವತಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗೆ ಮರದ ನಡಿಗೆ ಹಾದಿ ಮಾಡಿದ್ದಾರೆ. ನೀರು ಇಳಿದಿತ್ತು. ಕೆಸರಿನಲ್ಲಿ ಏಡಿಗಳು ಓಡಾಡುತ್ತಿದ್ದವು. ಹಲಗೆಯ ಮೇಲೆ ಮೆಲ್ಲಗೆ ಕಾಲಿಡಬೇಕು ಅಂತ ಮೊದಲೇ ಹೇಳಿದ್ದೆ. ಕಾಲನ್ನು ಮೆಲ್ಲಗೇ ಇಟ್ಟ. ಬಾಯಿಗೆ ನಾನು ಏನೂ ಹೇಳಿರಲಿಲ್ಲ.

ಅಡಿಕೆಯ ಎಲೆಚುಕ್ಕಿ ರೋಗದಿಂದ ಶುರುವಾಯಿತು. ಕೊಳೆ ರೋಗಕ್ಕೆ ಎಷ್ಟು ಸಲ ಬೋರ್ಡೋ ದ್ರಾವಣ ಹೊಡೆಸಿದ, ಮೈಲುತುತ್ತಕ್ಕೆ ಎಷ್ಟು ಕೊಟ್ಟ, ಹೊಡೆಸಿದ ಮರುದಿನವೇ ಮಳೆ ಹೇಗೆ ಹೊಯ್ಯಿತು. ಮುಂದೆ ಅಡಿಕೆ ಕೊನೆ ಇಳಿಸುವ ಕೊನೆಗೌಡರ ಪುರಾಣ. ಮರ ಹತ್ತುವವರೇ ಸಿಗುವುದಿಲ್ಲ, ಸಿಕ್ಕರೆ ಫೋನ್ ಎತ್ತುವುದಿಲ್ಲ, ಎತ್ತಿದರೆ "ನಾಳೆ" ಅನ್ನುತ್ತಾರೆ. ಈ "ನಾಳೆ"ಯನ್ನು ಭಾವ ಅದೇ ರಾಗದಲ್ಲಿ ಹೇಳಿ ತೋರಿಸಿದ. ಕೆಸರಿನಲ್ಲಿ ಮೇಯುವ ಉಲ್ಲಂಕಿ ಹಕ್ಕಿಯೊಂದು ಹಾರಿಹೋಯಿತು.

ಅಷ್ಟೆಲ್ಲ ಗಲಾಟೆಯಲ್ಲೂ ಒಂದು ಹಸಿರು ಬಕ ಬೇರಿನ ಮೇಲೆ ಕುತ್ತಿಗೆ ಒಳಗೆಳೆದುಕೊಂಡು ಕೂತೇ ಇತ್ತು. ಹಳದಿ ಕಣ್ಣು ನೀರಿನ ಮೇಲೆ. ಇದ್ದಕ್ಕಿದ್ದಂತೆ ಆ ಗಿಡ್ಡ ಹಕ್ಕಿಯಿಂದ ಅಷ್ಟುದ್ದದ ಕುತ್ತಿಗೆ ಹೊರಬಿತ್ತು. ಕೊಕ್ಕಿನಲ್ಲಿ ಅಡ್ಡಡ್ಡ ಒಂದು ಮೀನು. ಬಾಲದ ಕಡೆಯಿಂದ ನುಂಗಿದರೆ ರೆಕ್ಕೆಯ ಮುಳ್ಳು ಗಂಟಲಿಗೆ ಚುಚ್ಚುತ್ತದೆ. ಮೀನನ್ನು ಎರಡು ಸಲ ಎಗರಿಸಿ, ತಲೆ ಒಳಗೆ ಬರುವ ಹಾಗೆ ತಿರುಗಿಸಿ, ಗುಳುಂ ಅನಿಸಿತು.

"ನೋಡ್ದ್ಯಾ?" ಅಂದೆ.

"ಇದ್ನ ನೋಡಲೆ ಇಷ್ಟ್ ಬೇಗ ಎದ್ದು ಬಂದ್ಯ?" ಅಂದ ಭಾವ. "ಮಳೆಗಾಲದಲ್ಲಿ ಸೋಂದಾಕ್ಕೆ ಬಾ. ಮುಂಡಿಗೆಕೆರೆ ತುಂಬ ಬೆಳ್ಳಕ್ಕಿ."

ಅದೂ ನಿಜವೇ. ಆ ಕೆರೆಯ ಮುಂಡಿಗೆ ಪೊದೆಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಮರಿ ಮಾಡುವ ಹೊತ್ತಿಗೆ ಅವುಗಳ ಬೆನ್ನಲ್ಲಿ ನೂಲು ನೂಲಾಗಿ ಗರಿ ಇಳಿಯುವುದನ್ನೂ ಭಾವ ಹೇಳಿದ. ಬೈನಾಕ್ಯುಲರ್ ಇಲ್ಲ, ಪುಸ್ತಕ ಇಲ್ಲ, ಸೊಸೈಟಿಗೆ ಹೋಗುವಾಗ ಬೈಕ್ ನಿಲ್ಲಿಸಿ ಕಂಡಿದ್ದಂತೆ. ನನಗೆ ಸಿಟ್ಟೇ ಬಂತು.

ಆದರೂ ಭಾವ ವಾಸಿ. ಮಾರುದ್ದದ ಲೆನ್ಸ್ ಹೊತ್ತು ಬರುವ ಒಂದು ಪೈಕಿ ಇದೆ. ಅವರು ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಜೋರಾಗಿ ಹಾಕುತ್ತಾರೆ. ತನ್ನ ಜಾಗಕ್ಕೆ ಇನ್ನೊಂದು ನುಗ್ಗಿತು ಅಂದುಕೊಂಡು ಪಾಪದ ಹಕ್ಕಿ ಮೇಯುವುದು ಬಿಟ್ಟು ಜಗಳಕ್ಕೆ ಬರುತ್ತದೆ. ಮರಿ ಇರುವ ಕಾಲದಲ್ಲಂತೂ ಗೂಡು ಬಿಟ್ಟು ಬರುತ್ತದೆ. ಇವರಿಗೆ ಫೋಟೋ, ಫೋಟೋಕ್ಕೆ ಲೈಕು. ಇಂಥವರ ಪಕ್ಕ ನಿಂತಾಗ ನನ್ನ ಮನಸ್ಸಂತೂ ಎಳ್ಳಷ್ಟೂ ಹಗುರಾಗಿಲ್ಲ. ಆ ಮೊಬೈಲು ಕೆಸರಿಗೆ ಬೀಳಲಿ ಅಂತ ಬಾಯಿಬಿಟ್ಟೇ ಹೇಳಿದ್ದೇನೆ.

ಹಲಗೆ ಮುಗಿಯುವಲ್ಲಿ ಭಾವ ಬೈನಾಕ್ಯುಲರ್ ಇಸಕೊಂಡು ಕಣ್ಣಿಗಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಸದ್ಯ, ಹಕ್ಕಿಯ ರುಚಿ ಹತ್ತಿತು ಅಂತ ಖುಷಿಯಾಯಿತು. "ತೋಟಕ್ಕೆ ಮಂಗ ಯಾವ ಬದಿಂದ ಇಳಿತ ಅಂತ ಕಾಣಗು ಇದ್ರಲ್ಲಿ" ಅಂದ. ಊರಿಗೆ ಹೊರಡುವಾಗ ಒಯ್ದೇಬಿಟ್ಟ.

ವಾಪಸು ಕೇಳಿದರೆ ಕೊಯ್ಲು ಮುಗಿಯಲಿ ಅನ್ನುತ್ತಾನೆ. ಕೊಯ್ಲು ಮುಗಿದು, ಅಡಿಕೆ ಒಣಗಿ, ಭಾವ ಘಟ್ಟ ಇಳಿಯುವ ಹೊತ್ತಿಗೆ ಚಳಿಗಾಲಕ್ಕೆ ಬಂದ ಉಲ್ಲಂಕಿಗಳೆಲ್ಲ ಉತ್ತರಕ್ಕೆ ಹೊರಟಿರುತ್ತವೆ. ಕೊನೆಗೌಡರು ಇನ್ನೂ ಫೋನ್ ಎತ್ತಿಲ್ಲವಂತೆ.