ಪಿಸ್ತೂಲಿಗೂ ಮಡಿ ಉಂಟು

ಪಕ್ಕದ ಮನೆಯ ಅಜ್ಜ ಕಳೆದ ವಾರ ಒಂದು ಶೂ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಬಂದ. ಮುಚ್ಚಳ ತೆಗೆದರೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ರಿವಾಲ್ವರ್. ಒಳಗಿಂದ ನನ್ನವಳು "ಯಾರ್ರೀ ಅದು?" ಅಂದಳು. "ಯಾರಿಲ್ಲ, ಅಜ್ಜ" ಅಂದೆ. ಡಲ್ಲಾಸ್‌ನಲ್ಲಿ ಇಷ್ಟು ವರ್ಷ ಕಳೆದ ಮೇಲೆ ಇದು ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದಷ್ಟೇ ಸಹಜ.

ಅಜ್ಜನ ತಾಪತ್ರಯ ಸಣ್ಣದು. ರಿವಾಲ್ವರ್ 1985ರಲ್ಲಿ ಕೊಂಡದ್ದು, ತಯಾರಾದದ್ದೂ ಅದೇ ವರ್ಷ. ಮೊಮ್ಮಗ ಈಚೆಗೆ ಡ್ರಾಯರ್ ಎಳೆಯುವುದನ್ನು ಕಲಿತಿದ್ದಾನೆ. ಮನೆಯಲ್ಲಿ ಇದು ಬೇಡ, ಪಕ್ಕದ ಅರ್ಕಾನ್ಸಾ ರಾಜ್ಯದಲ್ಲಿರುವ ತಮ್ಮನಿಗೆ ಕಳಿಸಿಬಿಡೋಣ ಎಂದು ಕೊರಿಯರ್ ಕೌಂಟರಿಗೆ ಹೋಗಿದ್ದಾನೆ. ಒಳಗೇನಿದೆ ಅಂತ ಕೇಳಿದರೆ ಸುಳ್ಳು ಹೇಳುವ ಮನುಷ್ಯನಲ್ಲ. ಕೌಂಟರಿನ ಹುಡುಗಿ ಡಬ್ಬಿಯನ್ನು ಎರಡೇ ಬೆರಳಲ್ಲಿ ವಾಪಸ್ ತಳ್ಳಿದಳಂತೆ. "ನಿನಗೆ ಕಂಪ್ಯೂಟರ್ ಗೊತ್ತಲ್ಲ, ಸ್ವಲ್ಪ ನೋಡಿ ಹೇಳು" ಅಂದ. ಅವನ ಪ್ರಕಾರ ಭಾರತದಿಂದ ಬಂದವನಿಗೆ ಎಲ್ಲ ಕಾನೂನೂ ಕಂಪ್ಯೂಟರಿನೊಳಗೆ ಕಾಣುತ್ತದೆ.

ಒಂದು ರಾತ್ರಿ ಕೂತು ಓದಿದೆ. ಓದುತ್ತಾ ಹೋದಂತೆ ನಮ್ಮ ಸೋದರತ್ತೆ ಕಣ್ಣ ಮುಂದೆ ಬಂದಳು. ಅತ್ತೆಯ ಮನೆಯಲ್ಲಿ ತಂಬಿಗೆ ಹೊಸಲಿನ ಒಳಗಿದ್ದರೆ ಮಡಿ, ಹೊರಗಿಟ್ಟರೆ ಮೈಲಿಗೆ, ನಾಲ್ಕು ಹನಿ ನೀರು ಚಿಮುಕಿಸಿದರೆ ಮತ್ತೆ ಮಡಿ. ತಂಬಿಗೆಯನ್ನು ತೊಳೆದಿದ್ದಾರೋ ಇಲ್ಲವೋ ಎಂಬುದು ಬೇರೆ ವಿಚಾರ, ಅದನ್ನು ಅತ್ತೆ ಯಾವತ್ತೂ ಕೇಳಿದವಳಲ್ಲ. ಅಮೆರಿಕದ 1968ರ ಬಂದೂಕು ಕಾಯಿದೆಯನ್ನು ಬರೆದವರು ಅವಳ ಹಜಾರದಲ್ಲಿ ಒಂದು ಬೇಸಿಗೆ ರಜೆ ಕಳೆದವರೇ ಇರಬೇಕು.

ಪಿಸ್ತೂಲು, ರಿವಾಲ್ವರುಗಳಿಗೆ ರಾಜ್ಯದ ಗಡಿಯೇ ಹೊಸಲು. ನಿಮ್ಮ ರಾಜ್ಯದವನಲ್ಲದ ಸಾಮಾನ್ಯ ಮನುಷ್ಯನಿಗೆ ನೇರವಾಗಿ ಮಾರುವಂತಿಲ್ಲ, ಕೊಡುವಂತಿಲ್ಲ, ಒಡಹುಟ್ಟಿದವನಾದರೂ ಅಷ್ಟೆ. ಪಡೆಯುವವನ ರಾಜ್ಯದಲ್ಲಿರುವ ಲೈಸೆನ್ಸ್‌ದಾರ ಡೀಲರ್ ಒಬ್ಬನ ಕೈಗೆ ಅದು ಹೋಗಬೇಕು. ಆತ 4473 ಎಂಬ ನಂಬರಿನ ಫಾರ್ಮ್ ತುಂಬಿಸಿ, ಹಿನ್ನೆಲೆ ತಪಾಸಣೆ ಮಾಡಿಸಿ, ದಕ್ಷಿಣೆ ತೆಗೆದುಕೊಂಡು ಮಡಿ ಮಾಡಿ ಕೊಡುತ್ತಾನೆ. ಫಾರ್ಮಿನಲ್ಲಿ "ನೀವು ತಲೆಮರೆಸಿಕೊಂಡಿರುವ ಅಪರಾಧಿಯೇ?" ಎಂಬ ಪ್ರಶ್ನೆಯೂ ಇದೆ. ವೀಸಾ ಅರ್ಜಿಯಲ್ಲಿ "ಅಮೆರಿಕದಲ್ಲಿ ಭಯೋತ್ಪಾದನೆ ನಡೆಸುವ ಉದ್ದೇಶವಿದೆಯೇ?" ಎಂಬುದಕ್ಕೆ ಕೈ ನಡುಗುತ್ತಾ "ಇಲ್ಲ" ಒತ್ತಿದ ನಮ್ಮಂಥವರಿಗೆ ಇದು ತವರಿನ ಭಾಷೆ.

ಕಾಯಿದೆಯ ಒಂದು ಜಾಗದಲ್ಲಿ ಮಾತ್ರ ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಗಡಿಯಾಚೆಯ ಬಂಧುವಿಗೆ ಡೀಲರನ ಹಂಗಿಲ್ಲದೆ ಪಿಸ್ತೂಲು ಸೇರುವ ದಾರಿ ಒಂದಿದೆ. ಕೊಡುವವನು ಸಾಯಬೇಕು! ಉಯಿಲಿನಲ್ಲಿ ಬಂದರೆ, ಉಯಿಲಿಲ್ಲದೆ ವಾರಸುದಾರಿಕೆಯಲ್ಲಿ ಬಂದರೂ, ಫೆಡರಲ್ ಕಾನೂನಿನ ತಕರಾರಿಲ್ಲ. ಬದುಕಿರುವ ಅಣ್ಣನ ಕೈ ಮೈಲಿಗೆ, ಸತ್ತ ಅಣ್ಣನ ಕೈ ಮಡಿ. ನಮ್ಮತ್ತೆ ಸಾವಿಗೆ ಸೂತಕವಾದರೂ ಹಿಡಿಯುತ್ತಿದ್ದಳು, ಇವರು ಅದನ್ನೂ ಬಿಟ್ಟುಕೊಟ್ಟಿದ್ದಾರೆ.

ಇನ್ನು ಅಜ್ಜ ತಮ್ಮನ ಆಸೆ ಬಿಟ್ಟು ಇದೇ ಟೆಕ್ಸಸ್‌ನ ಅಪರಿಚಿತನೊಬ್ಬನಿಗೆ ಮಾರಲು ಹೊರಟರೆ? ಯಾವುದಾದರೂ ಅಂಗಡಿಯ ಪಾರ್ಕಿಂಗ್‌ನಲ್ಲಿ ನಿಂತು, ಡಬ್ಬಿ ಕೊಟ್ಟು, ಕಾಸು ಎಣಿಸಿಕೊಂಡು ಬರಬಹುದು. ಫಾರ್ಮ್ ಇಲ್ಲ, ತಪಾಸಣೆ ಇಲ್ಲ. ಕೊಳ್ಳುವವನು ಬಂದೂಕು ಇಟ್ಟುಕೊಳ್ಳಬಾರದವನು ಎಂದು ಅಜ್ಜನಿಗೆ ಗೊತ್ತಿರಬಾರದು, ಹಾಗೆ ನಂಬಲು ಕಾರಣವೂ ಇರಬಾರದು, ಅಷ್ಟೆ. ಗೊತ್ತಾಗಬಾರದು ಎಂದರೆ ಕೇಳದಿದ್ದರಾಯಿತು. ಆ ಅಪರಿಚಿತ ಎಲ್ ಪಾಸೊದವನೂ ಆಗಿರಬಹುದು. ಟೆಕ್ಸಸ್‌ನ ಆ ಮೂಲೆಯಿಂದ ಈ ಮೂಲೆಯ ಟೆಕ್ಸಾರ್ಕಾನಾಕ್ಕೆ ಸುಮಾರು 1,300 ಕಿಲೋಮೀಟರ್. ಬೀದರಿನಿಂದ ಚಾಮರಾಜನಗರಕ್ಕೆ ಹೋಗಿ, ಕೊಡೆ ಮರೆತೆ ಅಂತ ಅರ್ಧ ದಾರಿ ವಾಪಸ್ ಬಂದಷ್ಟು ದೂರ. ಅಷ್ಟು ದೂರ ಪಿಸ್ತೂಲು ಕೈಯಿಂದ ಕೈಗೆ ಹೋಗಲಿ, ಮಡಿ ಕೆಡುವುದಿಲ್ಲ.

ಆದರೆ ಟೆಕ್ಸಾರ್ಕಾನಾದಲ್ಲಿ ರಸ್ತೆ ದಾಟಿದಿರೋ, ಕೆಟ್ಟಿರಿ. ಅಲ್ಲಿಗೆ ಒಮ್ಮೆ ಹೋಗಿಬನ್ನಿ. ಊರಿನ ನಡುವೆ ಸ್ಟೇಟ್ ಲೈನ್ ಅವೆನ್ಯೂ ಎಂಬ ರಸ್ತೆ, ಒಂದು ಪಕ್ಕ ಟೆಕ್ಸಸ್, ಇನ್ನೊಂದು ಪಕ್ಕ ಅರ್ಕಾನ್ಸಾ. ಅಂಚೆ ಕಚೇರಿ ಮತ್ತು ಫೆಡರಲ್ ಕೋರ್ಟಿನ ಕಟ್ಟಡ ಗಡಿಯ ಮೇಲೇ ಎರಡೂ ಕಡೆ ಕಾಲು ಚಾಚಿ ಕೂತಿದೆ. ಪ್ರವಾಸಿಗಳು ಅದರ ಮುಂದೆ ಆ ರಾಜ್ಯದಲ್ಲೊಂದು ಕಾಲು, ಈ ರಾಜ್ಯದಲ್ಲೊಂದು ಕಾಲು ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡಿದ್ದೇನೆ, ಹೊಟ್ಟೆ ಮಾತ್ರ ಪೂರ್ತಿ ಅರ್ಕಾನ್ಸಾಕ್ಕೆ ಬಂದಿದೆ. ಟೆಕ್ಸಸ್ ಪಕ್ಕದ ನಿವಾಸಿ ಎದುರು ಸಾಲಿನ ಡೀಲರನಿಂದ ಪಿಸ್ತೂಲು ಕೊಂಡು ಜೇಬಿಗಿಟ್ಟು ಬರುವಂತಿಲ್ಲ. ಅದು ಪಾರ್ಸೆಲ್ಲಾಗಿ, ರಸ್ತೆ ದಾಟಿ, ಟೆಕ್ಸಸ್ ಡೀಲರನ ಹತ್ತಿರ ಬಂದು ಮಡಿಯುಡಬೇಕು. ಅದೇ ಅಂಗಡಿಯಲ್ಲಿ ಉದ್ದನೆಯ ರೈಫಲ್ ಕೊಂಡರೆ, ಎರಡೂ ರಾಜ್ಯದ ಕಾನೂನಿಗೆ ಒಪ್ಪಿಗೆಯಿದ್ದು ತಪಾಸಣೆಯಲ್ಲಿ ಪಾಸಾದರೆ, ಹೆಗಲ ಮೇಲಿಟ್ಟು ನಡೆದು ಬನ್ನಿ.

ಗಡಿಯ ಮಾತು ಬಂತಲ್ಲ, ಕರಿಬೇವಿನ ವಿಷಯ ಹೇಳದಿದ್ದರೆ ನನ್ನವಳು ಊಟ ಹಾಕುವುದಿಲ್ಲ. ಮಕ್ಕಳ ಥರ ಸಾಕಿದ ಕರಿಬೇವಿನ ಕುಂಡವೊಂದನ್ನು ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಬಿಗಿದು ಕೂರಿಸಿಕೊಂಡು ಪಶ್ಚಿಮಕ್ಕೆ ಹೊರಟಿದ್ದೆವು. ನಾದಿನಿಯ ಗೃಹಪ್ರವೇಶಕ್ಕೆ ಉಡುಗೊರೆ. ಗಡಿಯಲ್ಲಿ ಕಾರು ನಿಲ್ಲಿಸಿದವನೊಬ್ಬ ಒಳಗೆ ಬಗ್ಗಿ ನೋಡಿದ. "ಹಣ್ಣು, ಗಿಡ ಏನಾದರೂ ಇದೆಯೇ?" ಕುಂಡ ಇಳಿಸಿಕೊಂಡ. ಕರಿಬೇವಿಗೆ ಕೂರುವ ಒಂದು ಪುಟಾಣಿ ಹುಳ ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುತ್ತದೆ. ನಿಯಮ ಸರಿಯಾಗಿಯೇ ಇದೆ, ನಾನು ಬೈಯುತ್ತಿಲ್ಲ. ಅವನಿಗೆ ಕೈಮುಗಿದು ಮುಂದೆ ಹೋದೆ. ಇವಳು ಮುಂದಿನ ಇನ್ನೂರು ಮೈಲಿ ಮಾತಾಡಲಿಲ್ಲ. ಹಸಿ ಹಾಲಿನದೂ ಇದೇ ಕತೆ: ಕಾಯಿಸದ ಹಾಲನ್ನು ಕುಡಿಯಲೆಂದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಲು ಸಾಗಿಸುವಂತಿಲ್ಲ. ಕಿತ್ತಳೆ ಮರಕ್ಕೆ ರೋಗ ಬಂದರೆ ಹುಳ ಎಲ್ಲಿಂದ ಬಂತೆಂದು ಹುಡುಕುವ ದೇಶ ಇದು.

ಪಿಸ್ತೂಲಿನ ಈ ಮಡಿಯ ಮೂಲ ನಮ್ಮ ಡಲ್ಲಾಸೇ. 1927ರಲ್ಲೇ ಪಿಸ್ತೂಲು ಅಂಚೆಯಲ್ಲಿ ಹೋಗಬಾರದು ಎಂದು ಕಾನೂನು ಮಾಡಿದ್ದರು. ಬಾಗಿಲು ಮುಚ್ಚಿದ್ದು ಅಂಚೆಯದು ಮಾತ್ರ, ಖಾಸಗಿ ಪಾರ್ಸೆಲ್‌ನವರ ಬಾಗಿಲು ತೆರೆದೇ ಇತ್ತು. ಚಾಪೆ ಕೆಳಗೆ ನುಸುಳುವವನಿಗೆ ರಂಗೋಲಿಯೂ ಬೇಕಾಗಲಿಲ್ಲ. 1963ರಲ್ಲಿ, ಮುಂದೆ ಡಲ್ಲಾಸಿನಲ್ಲಿ ಅಧ್ಯಕ್ಷ ಕೆನಡಿಗೆ ಗುಂಡಿಟ್ಟ ಲೀ ಹಾರ್ವಿ ಆಸ್ವಾಲ್ಡ್ ಲಾಸ್ ಏಂಜಲೀಸ್‌ನಿಂದ ಸುಳ್ಳು ಹೆಸರಿನಲ್ಲಿ ರಿವಾಲ್ವರ್ ತರಿಸಿಕೊಂಡ. ಬಂದದ್ದು ರೈಲ್ವೆ ಪಾರ್ಸೆಲ್‌ನಲ್ಲಿ, ಬಾಕಿ ದುಡ್ಡು ಕ್ಯಾಶ್ ಆನ್ ಡೆಲಿವರಿ. ಕೆನಡಿಯನ್ನು ಕೊಂದ ರೈಫಲ್ ಷಿಕಾಗೋದಿಂದ ಡಲ್ಲಾಸಿನ ಅಂಚೆ ಪೆಟ್ಟಿಗೆಗೇ ಬಂತು, ದೂರದರ್ಶಕ ಸಮೇತ, ಸಾಗಾಟ ಸೇರಿ 21 ಡಾಲರ್ 45 ಸೆಂಟ್. ಅಧ್ಯಕ್ಷರೇ ಸತ್ತ ಮೇಲೂ ಸಂಸತ್ತು ಐದು ವರ್ಷ ಗಲ್ಲ ಕೆರೆದುಕೊಂಡಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ ಮೇಲೆ ಅಕ್ಟೋಬರಿನಲ್ಲಿ ಕಾಯಿದೆಗೆ ಸಹಿ ಬಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಇವರು ದಿಡ್ಡಿಯ ಅಳತೆ ತೆಗೆಯುವುದಕ್ಕೇ ಅಷ್ಟು ಹೊತ್ತು ತೆಗೆದುಕೊಂಡರು.

ಪುರೋಹಿತರ ಅಭಾವದ ಕತೆಯೂ ಉಂಟು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಬಹಳ ವರ್ಷ ಈ ಕೆಲಸಕ್ಕೆ ಒಬ್ಬನೇ ಡೀಲರ್. ಅವನ ಬಳಿ ಮಾರಲು ಒಂದು ಪಿಸ್ತೂಲೂ ಇಲ್ಲ, ಹೊರಗಿನಿಂದ ಬಂದದ್ದನ್ನು ಮಡಿ ಮಾಡಿ ಕೊಡುವುದೇ ಕಸುಬು. ಜಾಗ ಸಿಗದೆ ಕೊನೆಗೆ ಪೊಲೀಸ್ ಕೇಂದ್ರ ಕಚೇರಿಯ ಕಟ್ಟಡದಲ್ಲೇ ಕೂತ. ದಕ್ಷಿಣೆ 125 ಡಾಲರ್. ಈ ದಕ್ಷಿಣೆಯ ಸಂಕಟ ಹೊತ್ತು ಅಲ್ಲಿನ ದಂಪತಿ ಟೆಕ್ಸಸ್ ಡೀಲರನ ಜೊತೆ ಸೇರಿ, ಅವನಿಂದಲೇ ನೇರ ಪಿಸ್ತೂಲು ಕೊಳ್ಳಲು ಬಿಡಿ ಎಂದು ಕೋರ್ಟಿಗೆ ಹೋದರು. 2015ರಲ್ಲಿ ಗೆದ್ದರು, 2018ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತರು.

ಇವರಾದರೂ ವಾಸಿ. ವರ್ಜಿನಿಯಾದ ಮಾಜಿ ಪೊಲೀಸ್ ಒಬ್ಬ ಪೆನ್ಸಿಲ್ವೇನಿಯಾದ ಅಂಕಲ್‌ಗಾಗಿ (ಚಿಕ್ಕಪ್ಪನೋ ಮಾವನೋ, ಇಂಗ್ಲಿಷಿಗೆ ಆ ಚಿಂತೆ ಇಲ್ಲ) ಒಂದು ಗ್ಲಾಕ್ ಪಿಸ್ತೂಲು ಕೊಂಡ. ಪೊಲೀಸರಿಗೆ ಡಿಸ್ಕೌಂಟ್ ಇತ್ತು ಅಂತ. ಅಂಕಲ್ 400 ಡಾಲರ್ ಚೆಕ್ ಕಳಿಸಿದ, ಯಾತಕ್ಕೆ ಎಂಬ ಜಾಗದಲ್ಲಿ ಗ್ಲಾಕ್ ಎಂದು ಮುದ್ದಾಗಿ ಬರೆದ. ಪಿಸ್ತೂಲು ಪೆನ್ಸಿಲ್ವೇನಿಯಾದ ಡೀಲರನ ಮೂಲಕವೇ ಹೋಯಿತು, ಅಂಕಲ್ ತಪಾಸಣೆಯಲ್ಲಿ ಪಾಸೂ ಆದ. ಬೇರಾವುದೋ ಅನುಮಾನಕ್ಕೆ ಮನೆ ಶೋಧಿಸಿದಾಗ ರಸೀದಿ ಸಿಕ್ಕಿತು. ಮೊದಲ ಫಾರ್ಮಿನಲ್ಲಿ "ನಿಜವಾದ ಕೊಳ್ಳುವವ ನಾನೇ" ಅಂತ ಟಿಕ್ ಹಾಕಿದ್ದು ಅಪರಾಧವಾಯಿತು. 2014ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಶಿಕ್ಷೆ ಎತ್ತಿಹಿಡಿಯಿತು. ಎರಡು ರಾಜ್ಯ, ಎರಡು ಡೀಲರ್ ಅಂಗಡಿ, ಇಬ್ಬರೂ ಯೋಗ್ಯರು, ತಪ್ಪಿದ್ದು ಒಂದು ಟಿಕ್ ಮಾರ್ಕು.

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಇದೇ ಟೆಕ್ಸಸ್‌ನ ಉವಾಲ್ಡೆ ಎಂಬ ಊರಿನಲ್ಲಿ ಶಾಲೆಗೆ ನುಗ್ಗಿ ಗುಂಡು ಹಾರಿಸಿದ ಹುಡುಗ ಒಂದೂ ಟಿಕ್ ತಪ್ಪಿರಲಿಲ್ಲ. ಪಿಸ್ತೂಲಾಗಿದ್ದರೆ ಡೀಲರ್ ಮಾರಲು 21 ತುಂಬಬೇಕಿತ್ತು. ರೈಫಲ್‌ಗೆ 18 ಸಾಕು. ಹದಿನೆಂಟು ತುಂಬಿದ ವಾರದಲ್ಲೇ ಎರಡು ರೈಫಲ್ ಕೊಂಡ, ಒಂದನ್ನು ಬೇರೆ ರಾಜ್ಯದ ಕಂಪನಿಯಿಂದ ಆನ್‌ಲೈನ್‌ನಲ್ಲಿ ತರಿಸಿದ. ಅದು ಶಾಸ್ತ್ರೋಕ್ತವಾಗಿ ಊರಿನ ಡೀಲರನಲ್ಲಿಗೇ ಬಂತು. ಫಾರ್ಮ್ ತುಂಬಿದ, ತಪಾಸಣೆಯಲ್ಲಿ ಪಾಸಾದ. 2022ರ ಮೇ 24ರಂದು 19 ಮಕ್ಕಳು, ಇಬ್ಬರು ಟೀಚರ್. ಆ ದಿನ ನನ್ನ ಮಗಳನ್ನು ಸ್ಕೂಲಿಂದ ಕರೆತರಲು ಹೋದಾಗ ಕಾರುಗಳ ಸಾಲಿನಲ್ಲಿ ಒಬ್ಬರೂ ಹಾರ್ನ್ ಮಾಡಲಿಲ್ಲ. ಎಲ್ಲ ಕಾಗದ ಸರಿಯಿತ್ತು ಅಂತ ಆಮೇಲೆ ಪೇಪರಿನಲ್ಲಿ ಓದಿದೆ. ಕಾಗದ ಸರಿಯಿತ್ತಂತೆ. ಇದಕ್ಕೆ ಏನು ಬರೆಯುವುದು, ನನಗೆ ಸಾಕಾಗಿದೆ.

ಅಜ್ಜನಿಗೆ ಶನಿವಾರ ವರದಿ ಒಪ್ಪಿಸಿದೆ. ಅರ್ಕಾನ್ಸಾದ ಡೀಲರನ ಹತ್ತಿರ ಕಾರಿನಲ್ಲಿ ಒಯ್ದು ಕೊಡಬಹುದು, ಅವನು ತಮ್ಮನಿಗೆ ದಾಟಿಸುತ್ತಾನೆ ಅಂದೆ. "ನನ್ನ ತಮ್ಮನಿಗೆ ನಾನು ಕೊಡೋದಕ್ಕೆ ಮಧ್ಯದಲ್ಲಿ ಅವನಿಗ್ಯಾಕೆ ದುಡ್ಡು?" ಅಂತ ರೇಗಿದ. ಇನ್ನೊಂದು ದಾರಿ ಇದೆ ಅಂದೆ. ಬಂದೂಕು ತಯಾರಾಗಿ 50 ವರ್ಷ ತುಂಬಿದರೆ ಅದು ಅಪರೂಪದ ಹಳೇ ವಸ್ತುಗಳ ಸಾಲಿಗೆ ಸೇರುತ್ತದೆ, ತಮ್ಮ 30 ಡಾಲರ್ ಕಟ್ಟಿ ಸಂಗ್ರಾಹಕನ ಲೈಸೆನ್ಸ್ ಮಾಡಿಸಿಕೊಂಡರೆ ನೇರ ಅವನ ಕೈಗೇ ಬರಬಹುದು. 1898ರಲ್ಲೋ ಅದಕ್ಕೂ ಮೊದಲೋ ತಯಾರಾದದ್ದಾದರೆ ಇನ್ನೂ ಸಲೀಸು, ಆಗ ಅದು ಈ ಕಾಯಿದೆಯ ಲೆಕ್ಕದಲ್ಲಿ ಬಂದೂಕೇ ಅಲ್ಲ.

ಅಜ್ಜ ಬೆರಳು ಮಡಚಿ ಎಣಿಸಿದ. 1985ಕ್ಕೆ 50 ಸೇರಿಸಿದರೆ 2035.

"ಅಂದರೆ ಒಂದೋ ಇದಕ್ಕೆ 50 ಆಗಬೇಕು, ಇಲ್ಲ ನಾನು ಸಾಯಬೇಕು."

ಹೂಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಡಬ್ಬಿ ಎತ್ತಿಕೊಂಡ. ಬಾಗಿಲ ಹತ್ತಿರ ನಿಂತು ಅಂದ: "ಈ ನಡುವೆ ತಮ್ಮ ದಿನಾ ಫೋನ್ ಮಾಡಿ ಬಿಪಿ ಎಷ್ಟಿದೆ ಅಂತ ಕೇಳ್ತಾನೆ. ಅವನು ಯಾವಾಗ ಓದಿದನೋ ಇದನ್ನ!"